ಬೆಟ್ಟದೂರಿನ ಲೆಕ್ಕ ನಗರದಲ್ಲಿ ತಾಳೆಯಾಗದು

ಮಾನ್ಯ ಸಂಪಾದಕರೇ,

ರಜೆಯ ದಿನಗಳು ಹತ್ತಿರ ಬಂದವೆಂದರೆ ಪುರವಣಿಗಳಲ್ಲಿ ಒಂದೇ ಧಾಟಿಯ ಲೇಖನಗಳು ಶುರುವಾಗುತ್ತವೆ. ಬೆಟ್ಟದ ಮೇಲಿನ ಸಣ್ಣ ಊರೆಂದರೆ ನೆಮ್ಮದಿ, ತಂಗಾಳಿ, ಮಂಜು. ಮಹಾನಗರವೆಂದರೆ ಹೊಗೆ, ಗದ್ದಲ, ಧಾವಂತ. ಓದುವುದಕ್ಕೇನೋ ಹಿತವಾಗಿಯೇ ಇರುತ್ತದೆ. ಆದರೆ ಆಸ್ಪತ್ರೆಗೋ, ಕಚೇರಿ ಕೆಲಸಕ್ಕೋ, ಮಕ್ಕಳ ಪರೀಕ್ಷೆಗೋ ಮೇಲಿನ ಊರಿನಿಂದ ನಗರಕ್ಕೆ ಇಳಿಯಬೇಕಾದವರಿಗೆ ಆ ಬರಹಗಳಿಂದ ನಯಾಪೈಸೆಯ ಪ್ರಯೋಜನವಿಲ್ಲ. ಅವರ ಕೈಗೆ ಒಂದಿಷ್ಟು ಉಪಯುಕ್ತ ಮಾಹಿತಿ ಸಿಗಲಿ ಎಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಸಾಧ್ಯವಾದಷ್ಟು ಪ್ರಕಟಿಸಬೇಕಾಗಿ ವಿನಂತಿ.

ಬೆಟ್ಟದೂರಿನಲ್ಲಿ ಎಲ್ಲವೂ ಒಂದೊಂದೇ. ಕೆಳಗಿಳಿಯಲು ಒಂದು ರಸ್ತೆ, ಕರೆಂಟಿಗೆ ಒಂದು ಲೈನು, ಒಂದು ಮೊಬೈಲ್ ಟವರು, ಒಂದು ಔಷಧಿ ಅಂಗಡಿ. ವರ್ಷದ ಬಹುಪಾಲು ದಿನ ಅವೆಲ್ಲ ಸರಿಯಾಗಿಯೇ ಇರುತ್ತವೆ. ಕೈಕೊಟ್ಟ ದಿನ ಮಾತ್ರ ಪೂರ್ತಿ ಕೈಕೊಡುತ್ತವೆ. ಗುಡ್ಡ ಜರಿದರೆ ಸುತ್ತುಹಾಕಿ ಹೋಗಲು ಇನ್ನೊಂದು ದಾರಿ ಇರುವುದಿಲ್ಲ. ಆದ್ದರಿಂದ ಅಲ್ಲಿನವರು ದಾಸ್ತಾನು ಮಾಡುತ್ತಾರೆ: ಹತ್ತು ದಿನದ ಮಾತ್ರೆ, ಒಂದು ಹೆಚ್ಚುವರಿ ಸಿಲಿಂಡರ್, ತುಂಬಿದ ಟ್ಯಾಂಕ್, ಟಾರ್ಚಿಗೆ ಸೆಲ್ಲು. ನಗರದ ಸ್ವಭಾವ ಇದಕ್ಕೆ ತಿರುಗುಮುರುಗು. ಅಲ್ಲಿ ಯಾವುದಕ್ಕೆ ಬೇಕಾದರೂ ಬದಲಿ ಸಿಗುತ್ತದೆ, ಆದರೆ ಎಲ್ಲವೂ ದಿನಾ ಸ್ವಲ್ಪ ಸ್ವಲ್ಪ ಏರುಪೇರಾಗುತ್ತಿರುತ್ತದೆ. ನಿನ್ನೆ ನಲವತ್ತು ನಿಮಿಷ ಹಿಡಿದ ದಾರಿ ಇಂದು ತೊಂಬತ್ತು ನಿಮಿಷ ಹಿಡಿಯಬಹುದು. ಮೇಲಿನವರು ನಗರಕ್ಕೆ ಹೋದಾಗ ಎಡವುವುದೂ, ನಗರದವರು ಮೇಲೆ ಬಂದಾಗ ಎಡವುವುದೂ ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಒಂದು ಕಡೆಯ ರೂಢಿಯನ್ನು ಇನ್ನೊಂದು ಕಡೆಗೆ ಹೊತ್ತೊಯ್ಯುವುದು. ನಗರಕ್ಕೆ ಹೊರಟವರ ಚೀಲ ಭಾರವಾಗಿರುತ್ತದೆ, ವೇಳಾಪಟ್ಟಿ ಬಿಗಿಯಾಗಿರುತ್ತದೆ. ಆಗಬೇಕಾದದ್ದು ಉಲ್ಟಾ.

ಸಮಯದ ಲೆಕ್ಕವನ್ನೇ ಮೊದಲು ನೋಡೋಣ. ಬೆಟ್ಟದಲ್ಲಿ ನಡೆಯುವವರು ದೂರದ ಜೊತೆ ಏರನ್ನೂ ಲೆಕ್ಕ ಹಿಡಿಯುತ್ತಾರೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏರು ದಿನದಿಂದ ದಿನಕ್ಕೆ ಬದಲಾಗುವುದಿಲ್ಲವಾದ್ದರಿಂದ ಈ ಲೆಕ್ಕ ನಂಬಿಕೆಗೆ ಅರ್ಹ. ನಗರದಲ್ಲಿ ಇಂಥ ಸೂತ್ರ ನಡೆಯದು. ಅಲ್ಲಿ ಕೇಳಬೇಕಾದ್ದು ‘ಎಷ್ಟು ದೂರ’ ಎಂದಲ್ಲ, ‘ಎಷ್ಟು ಹೊತ್ತಿಗೆ ಹೊರಟರೆ’ ಎಂದು. ಮೊಬೈಲಿನ ನಕ್ಷೆ ತೋರಿಸುವ ನಿಮಿಷಗಳು ನೀವು ನೋಡಿದ ಆ ಕ್ಷಣದ ಅಂದಾಜು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೋಗುವುದಿದ್ದರೆ ಹಿಂದಿನ ರಾತ್ರಿ ಹತ್ತಕ್ಕೆ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಹೊರಡುವ ವೇಳೆ ನಮೂದಿಸಿ ನೋಡುವ ಸೌಲಭ್ಯ ಅದರಲ್ಲೇ ಇದೆ. ಅದು ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ ಕೊಟ್ಟರೆ ಗರಿಷ್ಠವನ್ನೇ ಹಿಡಿಯಿರಿ. ಸರಾಸರಿಯನ್ನು ನಂಬಿ ಹೊರಟವರು ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ ತಡವಾಗುತ್ತಾರೆ, ಸರಾಸರಿ ಎಂದರೇನೇ ಅದು. ದಿನಕ್ಕೆ ಎರಡು ಕೆಲಸಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಅವೆರಡೂ ನಗರದ ಒಂದೇ ದಿಕ್ಕಿನಲ್ಲಿರಲಿ. ಹೊತ್ತಿಗೆ ಸರಿಯಾಗಿ ಮುಗಿಯಲೇಬೇಕಾದ ಕೆಲಸ ಬೆಳಿಗ್ಗೆ ಮೊದಲನೆಯದಾಗಿರಲಿ.

ಇನ್ನು ಇಳಿಯುವ ದಾರಿ. ಘಾಟಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬ ಮಾತು ವಾಹನಕ್ಕೂ ನಿಜ, ಕಿವಿಗೂ ನಿಜ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಹೆಕ್ಟೋಪಾಸ್ಕಲ್. 1000 ಮೀಟರ್ ಎತ್ತರದಲ್ಲಿ ಅದು 900ರ ಆಸುಪಾಸು, 2000 ಮೀಟರ್‌ನಲ್ಲಿ 795. ಮೇಲೇರುವಾಗ ಕಿವಿಯೊಳಗಿನ ಗಾಳಿ ಹಿಗ್ಗಿ ಗಂಟಲಿನ ಕಡೆಗಿರುವ ಸಣ್ಣ ನಾಳವನ್ನು ತಾನೇ ತಳ್ಳಿಕೊಂಡು ಹೊರಬೀಳುತ್ತದೆ. ಇಳಿಯುವಾಗ ಹಾಗಾಗದು. ಹೊರಗಿನ ಒತ್ತಡ ಹೆಚ್ಚಾಗಿ ನಾಳದ ಬಾಯಿ ಅಂಟಿಕೊಳ್ಳುತ್ತದೆ, ಅದನ್ನು ನಾವೇ ತೆರೆಯಬೇಕು. ಉಗುಳು ನುಂಗುವುದು, ಆಕಳಿಸುವುದು, ಏನಾದರೂ ಅಗಿಯುವುದು ಇದಕ್ಕೇ. ನೋವು ಶುರುವಾದ ಮೇಲೆ ನುಂಗಿದರೆ ತಡವಾಯಿತು; ಇಳಿಜಾರು ಆರಂಭವಾದಾಗಿನಿಂದಲೇ ಎರಡು ಮೂರು ನಿಮಿಷಕ್ಕೊಮ್ಮೆ ನುಂಗುತ್ತಿರಬೇಕು. ಮೂಗು ಹಿಡಿದು ಬಾಯಿ ಮುಚ್ಚಿ ಊದುವುದಾದರೆ ಮೆಲ್ಲಗೆ, ಬಲ ಹಾಕಿ ಊದಿದರೆ ಕಿವಿತಮಟೆಗೆ ಪೆಟ್ಟು. ನಿದ್ದೆಯಲ್ಲಿ ನುಂಗುವುದು ಕಡಿಮೆಯಾಗುವುದರಿಂದ ಘಾಟಿ ಶುರುವಾಗುವ ಮುಂಚೆ ಮಕ್ಕಳನ್ನು ಎಬ್ಬಿಸಿಬಿಡುವುದು ಒಳ್ಳೆಯದು. ಹಸುಗೂಸಿಗೆ ಆ ಹೊತ್ತಿನಲ್ಲಿ ಹಾಲೂಡಿಸಿದರೆ ಸಾಕು. ನೆಗಡಿ ಜೋರಾಗಿರುವವರು ಸಾಧ್ಯವಿದ್ದರೆ ಪ್ರಯಾಣವನ್ನೇ ಮುಂದೂಡಲಿ.

ಬೆಟ್ಟದ ಮೇಲೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಕೆಳಗೆ ಬರುವಷ್ಟರಲ್ಲಿ ನುಗ್ಗಾಗಿರುವುದೂ ಇದೇ ಕಾರಣಕ್ಕೆ. 2000 ಮೀಟರ್‌ನಿಂದ ಸಮುದ್ರಮಟ್ಟಕ್ಕೆ ಬಂದರೆ ಒಳಗಿನ ಗಾಳಿ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಮರಳಿ ಹತ್ತುವಾಗ ಉಲ್ಟಾ: ನಗರದಲ್ಲಿ ಮುಚ್ಚಿದ ಅರ್ಧ ಖಾಲಿ ಶಾಂಪೂ ಬಾಟಲಿ ಮೇಲೆ ಬಂದು ತೆರೆದರೆ ಚಿಮ್ಮುತ್ತದೆ, ಬ್ಯಾಗಿನಲ್ಲೇ ಸೋರಿದರೂ ಸೋರಿತು. ಹೊರಡುವ ಮುಂಚೆ ಬಾಟಲಿಯನ್ನು ಸ್ವಲ್ಪ ಹಿಸುಕಿ ಗಾಳಿ ತೆಗೆದು ಮುಚ್ಚಳ ತಿರುಗಿಸಬೇಕು, ಅಷ್ಟೇ.

ಟೈರಿನ ವಿಷಯದಲ್ಲಿ ಗೊಂದಲ ಹೆಚ್ಚು. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. 1000 ಮೀಟರ್ ಕೆಳಗಿಳಿದರೆ ಹೊರಗಿನ ಒತ್ತಡ ಏರುವುದರಿಂದ ಗೇಜಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕೆಳಗಿನ ಗಾಳಿ ಆರೇಳು ಡಿಗ್ರಿ ಬಿಸಿ ಇರುವುದರಿಂದ ಒಂದು ಪಿಎಸ್‌ಐಯಷ್ಟು ಏರುತ್ತದೆ. ಒಂದಕ್ಕೊಂದು ಹೆಚ್ಚುಕಡಿಮೆ ವಜಾ ಆಗಿಹೋಗುತ್ತವೆ; ಎತ್ತರದ ಕಾರಣಕ್ಕೆ ಗಾಳಿ ಹಾಕಿಸುವುದೂ ಬೇಡ, ತೆಗೆಸುವುದೂ ಬೇಡ. ಎಡವಟ್ಟಾಗುವುದು ಬೇರೆ ಕಡೆ. ಘಾಟಿ ಇಳಿದ ಕೂಡಲೇ ಬುಡದಲ್ಲಿರುವ ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸುತ್ತಾರೆ, ಓಡಿ ಬಿಸಿಯಾದ ಟೈರು ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ‘ಜಾಸ್ತಿ ಇದೆ’ ಎಂದು ಬಿಡಿಸುತ್ತಾರೆ. ಮರುದಿನ ಬೆಳಿಗ್ಗೆ ತಣ್ಣಗಾದ ಟೈರಿನಲ್ಲಿ ಗಾಳಿ ಕಮ್ಮಿ. ಗಾಳಿ ನೋಡಬೇಕಾದ್ದು ವಾಹನ ಮೂರು ಗಂಟೆಯಾದರೂ ನಿಂತ ಮೇಲೆ.

ಬ್ರೇಕಿನದು ಇದಕ್ಕಿಂತ ಗಂಭೀರ. 1500 ಕಿಲೋ ತೂಕದ ಕಾರು 1000 ಮೀಟರ್ ಇಳಿದರೆ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಎಲ್ಲಾದರೂ ಕರಗಲೇಬೇಕು. ಎಂಜಿನ್ ಅದನ್ನು ಹೀರಿಕೊಳ್ಳದಿದ್ದರೆ ಅಷ್ಟೂ ಬ್ರೇಕಿಗೆ ಹೋಗುತ್ತದೆ. ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತು ಈಗಲೂ ಸರಿ. ಗೇರನ್ನು ಇಳಿಜಾರಿಗೆ ಮುಂಚೆಯೇ ಹಾಕಿಕೊಳ್ಳಬೇಕು, ವೇಗ ಏರಿದ ಮೇಲಲ್ಲ. ಬ್ರೇಕಿನ ಮೇಲೆ ಸದಾ ಕಾಲಿಟ್ಟು ಸವರುತ್ತಾ ಇಳಿಯುವುದಕ್ಕಿಂತ ಆಗಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುವುದು ಲೇಸು, ಬಿಟ್ಟಾಗ ಡಿಸ್ಕಿಗೆ ಗಾಳಿ ತಾಗುತ್ತದೆ. ಕೆಡುವುದು ಎರಡು ಬಗೆಯಲ್ಲಿ. ಪೆಡಲ್ ಗಟ್ಟಿಯಾಗಿದ್ದೂ ವಾಹನ ನಿಲ್ಲದಿದ್ದರೆ ಪ್ಯಾಡು ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಸ್ಪಂಜಿನಂತೆ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದು ಗಾಳಿಯ ತೇವ ಹೀರಿಕೊಂಡು ಹಳತಾದರೆ 140ರವರೆಗೂ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆನ್ನುವುದು ಅದಕ್ಕೇ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ನೀರು ಎರಚಬೇಡಿ, ಕಾದ ಡಿಸ್ಕು ಸೀಳುತ್ತದೆ.

ವಿದ್ಯುತ್ ಕಾರು ಇಟ್ಟುಕೊಂಡವರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತಾ ವಾಹನವನ್ನು ಹಿಡಿದಿಡುತ್ತದೆ. ಬೆಟ್ಟದ ಮೇಲೆ ರಾತ್ರಿಯಿಡೀ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಇಳಿಜಾರಿಗೆ ಬಿದ್ದರೆ ಆ ಚಾರ್ಜಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ, ಹಿಡಿತ ತೀರಾ ಕಡಿಮೆಯಾಗುತ್ತದೆ. ನಗರದಲ್ಲಿ ಪೂರ್ತಿ ತುಂಬಿಸಿ ರೂಢಿಯಾದವರು ಇಲ್ಲಿ ಬೇಸ್ತು ಬೀಳುತ್ತಾರೆ. ಮೇಲಿನಿಂದ ಹೊರಡುವಾಗ ಶೇಕಡಾ 85-90ಕ್ಕೆ ನಿಲ್ಲಿಸಿದರೆ ಸಾಕು, ಕೆಳಗೆ ಬರುವಷ್ಟರಲ್ಲಿ ಮಿಕ್ಕಿದ್ದರಲ್ಲಿ ಒಂದಿಷ್ಟು ಪುಕ್ಕಟೆಯಾಗಿ ತುಂಬಿರುತ್ತದೆ.

ಬೆಟ್ಟದವರು ನಗರಕ್ಕೆ ಹೋಗುವ ದೊಡ್ಡ ಕಾರಣ ಆಸ್ಪತ್ರೆ. ಇದರ ಬಗ್ಗೆ ಬರೆಯುವವರು ಕಡಿಮೆ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆ ಬಹುಪಾಲು ಕೆಡುತ್ತದೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ 8ರಿಂದ 12 ಗಂಟೆಯ ಉಪವಾಸ ಹೇಳುತ್ತಾರೆ. ನಡುರಾತ್ರಿ ಎದ್ದು ತಿರುವು ದಾರಿಯಲ್ಲಿ ನಾಲ್ಕೈದು ಗಂಟೆ ಪ್ರಯಾಣ ಮಾಡಿ, ವಾಂತಿಯಾಗಿ, ಸರದಿಯಲ್ಲಿ ಕೂತು ರಕ್ತ ಕೊಡುವ ಹೊತ್ತಿಗೆ ಅದು ಹದಿನೈದು ಗಂಟೆ ದಾಟಿರುತ್ತದೆ. ಸಾಮಾನ್ಯವಾಗಿ ನೀರು ಕುಡಿಯಲು ಅಡ್ಡಿಯಿಲ್ಲ, ಕಾಫಿ-ಟೀ ಕೂಡದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಆ ಬೆಳಗಿನ ಡೋಸಿನ ಬಗ್ಗೆ ಮುಂಚೆಯೇ ವೈದ್ಯರನ್ನು ಕೇಳಿರಬೇಕು. ಇದಕ್ಕಿಂತ ಸುಲಭದ ದಾರಿ ಎಂದರೆ ಸಾಧಾರಣ ರಕ್ತಪರೀಕ್ಷೆಗಳನ್ನು ಊರಿನಲ್ಲೇ ಅಥವಾ ತಾಲ್ಲೂಕು ಮಟ್ಟದಲ್ಲೇ ಮಾಡಿಸಿಕೊಂಡು ವರದಿಯೊಡನೆ ಇಳಿಯುವುದು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕಿ ಮಾಡುವ ಸ್ಕ್ಯಾನ್ ಇದ್ದರೆ ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ವರದಿ ಕೇಳುತ್ತಾರೆ. ಅದಿಲ್ಲದೆ ಹೋದರೆ ಇನ್ನೊಂದು ದಿನ ಕೈಬಿಟ್ಟಿತು. ಹಳೆಯ ಸ್ಕ್ಯಾನ್ ಇದ್ದರೆ ಬರೀ ಬರವಣಿಗೆಯ ವರದಿ ಸಾಲದು, ಫಿಲ್ಮ್ ಅಥವಾ ಸಿಡಿ ಬೇಕು. ಮಾತ್ರೆಗಳ ಹೆಸರು ನೆನಪಿಟ್ಟು ಹೇಳುವ ಬದಲು ಖಾಲಿ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಒಯ್ಯಿರಿ. ಔಷಧಿಯೇನೋ ನಗರದಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಚೀಟಿ ಇಲ್ಲದಿದ್ದರೆ ಮಾತ್ರ ಸಿಗುವುದಿಲ್ಲ.

ವಾಪಸು ಹೊರಡುವ ಲೆಕ್ಕವನ್ನೂ ಮೊದಲೇ ಹಾಕಿರಬೇಕು. ಕಣ್ಣಿನ ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಹತ್ತಿರದ ನೋಟ ಮಂಜಾಗುವುದೂ ಬೆಳಕು ಚುಚ್ಚುವುದೂ ಹಲವು ಗಂಟೆ ಇರುತ್ತದೆ, ಕೆಲವರಿಗೆ ಮರುದಿನದವರೆಗೂ. ನಗರದವರು ಆಟೊ ಹತ್ತಿ ಮನೆಗೆ ಹೋಗಿಬಿಡುತ್ತಾರೆ. ಅದೇ ಹನಿ ಹಾಕಿಸಿಕೊಂಡವರು ಮುಸ್ಸಂಜೆಯಲ್ಲಿ ಎದುರು ದೀಪಗಳ ನಡುವೆ ಘಾಟಿ ಹತ್ತಿಸುವುದೆಂದರೆ ಸಾಹಸವೇ ಸರಿ. ಎಂಡೋಸ್ಕೋಪಿಯಂಥದ್ದಕ್ಕೆ ಮಂಪರು ಬರಿಸುವ ಔಷಧಿ ಕೊಟ್ಟಿದ್ದರೆ 24 ಗಂಟೆ ಸ್ಟಿಯರಿಂಗ್ ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಒಳಪದರದ, ಶಸ್ತ್ರಚಿಕಿತ್ಸೆ. ಕಳಚಿದ ರೆಟಿನಾವನ್ನು ಒತ್ತಿ ಹಿಡಿಯಲು ಕೆಲವು ಸಲ ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಬಿಡುತ್ತಾರೆ. ಯಾವ ಅನಿಲ ಎಂಬುದರ ಮೇಲೆ ಅದು ಕರಗುವ ಅವಧಿ ನಿಂತಿದೆ: ಸಲ್ಫರ್ ಹೆಕ್ಸಾಫ್ಲೋರೈಡ್ ಆದರೆ ಎರಡು ಮೂರು ವಾರ, ಪರ್ಫ್ಲೋರೋಪ್ರೊಪೇನ್ ಆದರೆ ಆರರಿಂದ ಎಂಟು ವಾರ. ಅಲ್ಲಿಯವರೆಗೆ ವಿಮಾನ ಹತ್ತಬೇಡಿ ಎಂದು ಬಿಡುಗಡೆ ಚೀಟಿಯಲ್ಲಿ ಬರೆದಿರುತ್ತದೆ. ಬೆಟ್ಟ ಹತ್ತಬೇಡಿ ಎಂದು ಬರೆದಿರುವುದು ಅಪರೂಪ, ಏಕೆಂದರೆ ಸಮತಟ್ಟಿನ ನಗರದಲ್ಲಿ ಯಾರಿಗೂ ಅದು ಹೊಳೆಯುವುದಿಲ್ಲ. ಆದರೆ ಶಾಂಪೂ ಬಾಟಲಿಯಲ್ಲಿ ಹಿಗ್ಗುವ ಗಾಳಿಗೂ ಕಣ್ಣಿನೊಳಗೆ ಹಿಗ್ಗುವ ಅನಿಲಕ್ಕೂ ಭೌತಶಾಸ್ತ್ರ ಒಂದೇ. ಎರಡು ಗಂಟೆಯಲ್ಲಿ ಸಾವಿರ ಮೀಟರ್ ಏರಿದರೆ ಗುಳ್ಳೆ ಹಿಗ್ಗಲು ನೋಡುತ್ತದೆ, ಕಣ್ಣಿನ ಒತ್ತಡ ಏರುತ್ತದೆ, ನೋವು ಬರುತ್ತದೆ, ರಕ್ತಸಂಚಾರ ನಿಂತರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೇ ‘ನಮ್ಮ ಊರು ಇಷ್ಟು ಮೀಟರ್ ಎತ್ತರದಲ್ಲಿದೆ, ದಾರಿಯಲ್ಲಿ ಇಷ್ಟು ಎತ್ತರದ ಕಣಿವೆಬಾಯಿ ದಾಟಬೇಕು’ ಎಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಗುಳ್ಳೆ ಕರಗುವವರೆಗೆ ಕೆಳಗೆ ಉಳಿಯಲು ವ್ಯವಸ್ಥೆ ಬೇಕಾಗುತ್ತದೆ, ಅಥವಾ ಅನಿಲದ ಬದಲು ಸಿಲಿಕೋನ್ ಎಣ್ಣೆ ತುಂಬುವ ಆಯ್ಕೆಯ ಬಗ್ಗೆ ವೈದ್ಯರು ಯೋಚಿಸಬಹುದು. ಊರಿನ ಹೆಸರು ಹೇಳಿದರೆ ಸಾಲದು, ಎತ್ತರದ ಅಂಕಿ ಹೇಳಬೇಕು.

ಹಿಮೋಗ್ಲೋಬಿನ್ ವಿಷಯದಲ್ಲೂ ಎತ್ತರದ ಅಂಕಿ ಬೇಕು. ಆಮ್ಲಜನಕ ಕಡಿಮೆ ಇರುವಲ್ಲಿ ಬದುಕುವವರ ರಕ್ತದಲ್ಲಿ ಅದು ಸಹಜವಾಗಿಯೇ ಸ್ವಲ್ಪ ಹೆಚ್ಚಿರುತ್ತದೆ. ರಕ್ತಹೀನತೆಯನ್ನು ಅಳೆಯುವಾಗ ಇದಕ್ಕೆ ತಿದ್ದುಪಡಿ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. 2000 ಮೀಟರ್‌ನಲ್ಲಿ ವಾಸಿಸುವವರಿಗೆ ಅದು ಪ್ರತಿ ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ ಒಂದರಿಂದ ಒಂದೂವರೆ ಗ್ರಾಂ. ನಗರದ ಲ್ಯಾಬಿನ ವರದಿಯಲ್ಲಿ ‘ಸಹಜ’ದ ಅಂಚಿನಲ್ಲಿ ನಿಂತ ಬೆಟ್ಟದ ಹೆಣ್ಣುಮಗಳಿಗೆ ನಿಜದಲ್ಲಿ ರಕ್ತ ಕಮ್ಮಿ ಇರಬಹುದು.

ಇನ್ನು ಸೆಕೆ ಮತ್ತು ನಿದ್ದೆ. ಎತ್ತರ 100 ಮೀಟರ್ ಇಳಿದಂತೆ ಉಷ್ಣತೆ ಸರಾಸರಿ 0.65 ಡಿಗ್ರಿ ಏರುತ್ತದೆ ಎಂಬುದು ಶಾಲೆಯಲ್ಲಿ ಓದಿದ್ದೇ. ಅದರ ಮೇಲೆ ನಗರ ತನ್ನದೇ ಬಿಸಿ ಸೇರಿಸುತ್ತದೆ, ಅದೂ ಹೆಚ್ಚಾಗಿ ರಾತ್ರಿ ಹೊತ್ತು. 19ನೇ ಶತಮಾನದ ಆರಂಭದಲ್ಲಿ ಲ್ಯೂಕ್ ಹೊವರ್ಡ್ ಎಂಬವರು ಲಂಡನ್ ಮತ್ತು ಅದರ ಸುತ್ತಲ ಹಳ್ಳಿಗಾಡಿನ ಉಷ್ಣತೆಯನ್ನು ಹೋಲಿಸಿ ನೋಡಿ ರಾತ್ರಿ ನಗರ ಸುಮಾರು 2 ಡಿಗ್ರಿ ಬಿಸಿ, ಹಗಲಲ್ಲಿ ವ್ಯತ್ಯಾಸ ನಗಣ್ಯ ಎಂದು ಗುರುತಿಸಿದ್ದರು. ಹಗಲಿಡೀ ಕಾಂಕ್ರೀಟು ಹೀರಿದ ಶಾಖ ರಾತ್ರಿ ಹೊರಬೀಳುತ್ತದೆ, ಎತ್ತರದ ಕಟ್ಟಡಗಳ ನಡುವೆ ಅದು ಆಕಾಶಕ್ಕೆ ಹೋಗಲು ಎಡೆ ಕಡಿಮೆ. ಸೂರ್ಯ ಮುಳುಗಿದ ಕೂಡಲೇ ತಂಪಾಗುವುದನ್ನು ನೋಡಿದವರಿಗೆ ಇದು ಎಣಿಕೆಗೆ ಸಿಗದು. ಹವಾಮಾನ ನೋಡುವಾಗ ಗರಿಷ್ಠಕ್ಕಿಂತ ಕನಿಷ್ಠ ಉಷ್ಣತೆಯ ಅಂಕಿ ನೋಡಿ, ನಿದ್ದೆ ಬರುವುದೋ ಇಲ್ಲವೋ ತಿಳಿಯುತ್ತದೆ. ಉಳಿಯುವ ಕೋಣೆ ಕಟ್ಟಡದ ತೀರಾ ಮೇಲಿನ ಮಹಡಿಯಲ್ಲಿರದಂತೆ ನೋಡಿಕೊಳ್ಳಿ, ತಾರಸಿಯ ಕಾವು ನೇರ ಕೆಳಗಿಳಿಯುತ್ತದೆ. ದೇಹ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಎರಡು ದಿನಕ್ಕೆ ಬಂದವರು ಒಗ್ಗುವ ಮಾತೇ ಇಲ್ಲ, ನಡುಹಗಲ ಓಡಾಟ ಬಿಡುವುದೊಂದೇ ಉಪಾಯ.

ಹೊಸ ಜಾಗದ ಮೊದಲ ರಾತ್ರಿ ಎಲ್ಲರಿಗೂ ನಿದ್ದೆ ತೆಳು. ಮಿದುಳಿನ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ ಎಂದು ನಿದ್ರಾಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಮಹತ್ವದ ಸಂದರ್ಶನವೋ ಪರೀಕ್ಷೆಯೋ ಇದ್ದರೆ ಒಂದು ರಾತ್ರಿಯ ಬದಲು ಎರಡು ರಾತ್ರಿ ಮುಂಚೆ ತಲುಪುವುದು ದುಂದುವೆಚ್ಚವಲ್ಲ. ಸದ್ದು ತಡೆಯಲು ಸ್ಪಂಜಿನ ಇಯರ್‌ಪ್ಲಗ್ ಕೊಳ್ಳುವವರಲ್ಲಿ ಬಹಳ ಜನ ಅದನ್ನು ಸುಮ್ಮನೆ ಕಿವಿಯ ಬಾಯಿಗೆ ಒತ್ತಿ ‘ಏನೂ ಉಪಯೋಗವಿಲ್ಲ’ ಎನ್ನುತ್ತಾರೆ. ಅದನ್ನು ಬೆರಳುಗಳ ನಡುವೆ ಸುಕ್ಕಿಲ್ಲದಂತೆ ಬತ್ತಿಯಷ್ಟು ಸಪೂರ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳದಾರಿ ನೆಟ್ಟಗಾಗುತ್ತದೆ. ಆಗ ಒಳಗಿಟ್ಟು, ಅದು ಹಿಗ್ಗಿ ಕೂರುವವರೆಗೆ ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯಬೇಕು.

ಗಾಳಿಯ ಬಗ್ಗೆ ಒಂದು ತಪ್ಪು ನಂಬಿಕೆಯನ್ನು ತಿದ್ದಲೇಬೇಕು. ಬೆಟ್ಟದೂರಿನ ಗಾಳಿ ಸದಾ ಶುದ್ಧ ಎನ್ನುವುದು ಸುಳ್ಳು. ಊರು ಕಣಿವೆಯ ತಳದಲ್ಲಿದ್ದರೆ ಚಳಿಗಾಲದ ರಾತ್ರಿ ಭಾರವಾದ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಹರಿದುಬಂದು ಕೆಳಗೆ ಮಡುಗಟ್ಟುತ್ತದೆ, ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಸೌದೆ ಒಲೆಯ ಹೊಗೆ, ಕಸ ಸುಟ್ಟ ಹೊಗೆ ಎಲ್ಲ ಅದರಡಿಯಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿದ ಪ್ರಕಾರ ಪಿಎಂ 2.5 ಎಂಬ ಅತಿಸೂಕ್ಷ್ಮ ಹೊಗೆ-ದೂಳಿನ ಕಣಗಳ 24 ಗಂಟೆಯ ಸರಾಸರಿ ಪ್ರತಿ ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು. ಇಂಥ ಬೆಳಗುಗಳಲ್ಲಿ ಕಣಿವೆಯ ಸಣ್ಣ ಊರೂ ಅದನ್ನು ಎಷ್ಟೋ ಪಟ್ಟು ಮೀರಬಲ್ಲದು. ಬಿಸಿಲು ಇಳಿಜಾರನ್ನು ಕಾಯಿಸಿದ ಮೇಲಷ್ಟೇ ಮುಚ್ಚಳ ಕದಡುತ್ತದೆ. ಆಸ್ತಮಾ ಇರುವವರು ಬೆಳಗಿನ ನಡಿಗೆಯನ್ನು ಹತ್ತು ಗಂಟೆಯ ಮೇಲಕ್ಕೆ ತಳ್ಳುವುದು ವಾಸಿ. ನಗರದಲ್ಲಿ ಲೆಕ್ಕ ಬೇರೆ: ಅಲ್ಲಿ ಹೊಗೆ ದೊಡ್ಡ ರಸ್ತೆಗೆ ಅಂಟಿಕೊಂಡಿರುತ್ತದೆ. ಅದರಿಂದ ನೂರಿನ್ನೂರು ಮೀಟರ್ ಒಳಗಿನ ಸಮಾನಾಂತರ ಬೀದಿ ಹಿಡಿದರೆ ಉಸಿರಿಗೂ ಹಗುರ, ಕಿವಿಗೂ ಹಗುರ.

ನಡಿಗೆಯ ವಿಷಯ. ದಿನಾ ಏರಿಳಿಯುವ ಕಾಲುಗಳು ನಗರದಲ್ಲಿ ಸೋಲುವುದೇಕೆ ಎಂದು ಹಲವರಿಗೆ ಆಶ್ಚರ್ಯ. ಏರುಪೇರಿನ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಬೇರೆ ಬೇರೆ ಸ್ನಾಯು ಕೆಲಸ ಮಾಡುತ್ತದೆ. ಗಟ್ಟಿ ಸಮತಟ್ಟಿನಲ್ಲಿ ಅದೇ ಜಾಗಕ್ಕೆ ಸಾವಿರಾರು ಸಲ ಅದೇ ಪೆಟ್ಟು. ದಪ್ಪ ಮೆತ್ತನೆಯ ಅಟ್ಟೆಯ ಶೂ ಬೇಕು, ಬೆಟ್ಟದ ಗಟ್ಟಿ ಅಟ್ಟೆಯದಲ್ಲ. ಎಸ್ಕಲೇಟರಿನಲ್ಲಿ ಮಕ್ಕಳ ಮೆತ್ತನೆಯ ರಬ್ಬರ್ ಚಪ್ಪಲಿ ಪಕ್ಕದ ಗೋಡೆಗೆ ತಾಗಿದರೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಹಳದಿ ಗೆರೆಯ ಒಳಗೆ ನಿಲ್ಲಿಸಿ, ಕೈ ಹಿಡಿದುಕೊಳ್ಳಿ, ತುರ್ತಾಗಿ ನಿಲ್ಲಿಸಲು ಮೇಲೂ ಕೆಳಗೂ ಇರುವ ಕೆಂಪು ಗುಂಡಿ ಎಲ್ಲಿದೆ ಎಂದು ಹತ್ತುವ ಮೊದಲೇ ನೋಡಿಕೊಳ್ಳಿ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ಮೊಬೈಲಿನ ನೀಲಿ ಚುಕ್ಕೆ ಪಕ್ಕದ ಬೀದಿಯಲ್ಲಿ ಕೂತಿರುತ್ತದೆ. ಇಪ್ಪತ್ತು ಮೂವತ್ತು ಹೆಜ್ಜೆ ನಡೆದು ಅದು ಯಾವ ಕಡೆ ಸರಿಯುತ್ತದೆಂದು ನೋಡಿದ ಮೇಲೆ ದಾರಿ ಹಿಡಿಯಿರಿ. ಮೆಟ್ರೋ ನಿಲ್ದಾಣದಲ್ಲಿ ಯಾರಾದರೂ ಕಾಯುತ್ತಿದ್ದರೆ ನಿಲ್ದಾಣದ ಹೆಸರಿನ ಜೊತೆ ಯಾವ ದ್ವಾರ ಎಂಬುದನ್ನೂ ಕೇಳಿಕೊಂಡಿರಿ.

ನಗರದಿಂದ ಮೇಲೆ ಬರುವವರಿಗೂ ಎರಡು ಮಾತು. ನೀರು 2000 ಮೀಟರ್ ಎತ್ತರದಲ್ಲಿ 93 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇದ್ದರೂ ಒಳಗಿನ ಒಟ್ಟು ಒತ್ತಡ ಕೆಳಗಿನಷ್ಟು ಬಾರದು, ಆದ್ದರಿಂದ 600 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರಿಗೆ ಶೇಕಡಾ 5ರಷ್ಟು ಹೆಚ್ಚು ಹೊತ್ತು ಬೇಯಿಸಬೇಕು. ಬೇಳೆ ಬೇಯಲಿಲ್ಲವೆಂದು ಬೇಳೆಯನ್ನು ಬೈಯುವುದು ಬೇಡ. ಬೆಟ್ಟದಲ್ಲಿ ಮನೆ ಕಟ್ಟುವವರು ನೀರಿನ ಪೈಪಿನ ದರ್ಜೆ ನೋಡದೆ ಹಾಕಿಸುತ್ತಾರೆ. ನೀರಿನ ಮೂಲ 10 ಮೀಟರ್ ಮೇಲಿದ್ದರೆ ಒಂದು ಬಾರ್ ಒತ್ತಡ, 100 ಮೀಟರ್ ಮೇಲಿದ್ದರೆ ಹತ್ತು ಬಾರ್. ನಗರದಲ್ಲಿ ತಾರಸಿ ಟ್ಯಾಂಕಿನಿಂದ ಇಳಿಯುವ ನೀರಿಗೆ ಸಾಕಾಗುವ ತೆಳು ಪೈಪು, ನಲ್ಲಿಗಳು ಇಲ್ಲಿ ರಾತ್ರಿ ಹೊತ್ತು, ಯಾರೂ ನೀರು ಬಿಡದೆ ಒತ್ತಡ ಪೂರ್ತಿ ಏರಿದಾಗ, ಸಿಡಿಯುತ್ತವೆ. ನಡುವೆ ತೆರೆದ ಬಾಯಿಯ ಒಂದು ಸಣ್ಣ ತೊಟ್ಟಿ ಕಟ್ಟಿ ಅಲ್ಲಿಂದ ಹೊಸದಾಗಿ ಪೈಪು ಹೊರಡಿಸಿದರೆ ಮೇಲಿನ ಒತ್ತಡ ಅಲ್ಲೇ ಮುರಿಯುತ್ತದೆ.

ಸಿಗ್ನಲ್ ಕ್ಷೀಣವಾಗಿರುವಲ್ಲಿ ಮೊಬೈಲು ಟವರನ್ನು ಹುಡುಕುತ್ತಾ ಬ್ಯಾಟರಿ ಕುಡಿದುಬಿಡುತ್ತದೆ, ಬೇಡದ ಹೊತ್ತಿನಲ್ಲಿ ಏರ್‌ಪ್ಲೇನ್ ಮೋಡಿಗೆ ಹಾಕಿಡಿ. ಸಾವಿರ ಮೀಟರಿಗೆ ಶೇಕಡಾ 10ರಷ್ಟು ನೇರಳಾತೀತ ಕಿರಣ ಹೆಚ್ಚುತ್ತದೆ, ತಂಪಾಗಿದೆ ಎಂದು ಚರ್ಮ ಸುಡದೆ ಇರದು. 2500 ಮೀಟರ್ ದಾಟುವವರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಲಕ್ಷಣ. 3000 ಮೀಟರ್ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಲಕ್ಷಣ ಹೆಚ್ಚಾದರೆ ಮಾತ್ರೆಯೊಂದನ್ನೇ ನೆಚ್ಚಿ ಕೂರದೆ ಕೆಳಗಿಳಿಯಬೇಕು. ಮೇಲಿನ ಊರಿನಲ್ಲೇ ಹುಟ್ಟಿ ಬೆಳೆದು ಕೆಲವು ವಾರ ನಗರದಲ್ಲಿದ್ದು ಮರಳುವವರಿಗೂ ಈ ಅಪಾಯ ತಪ್ಪಿದ್ದಲ್ಲ. ‘ನಮಗೆ ಅಭ್ಯಾಸವಿದೆ’ ಎಂದು ಅವರೇ ಹೆಚ್ಚು ಉಡಾಫೆ ಮಾಡುತ್ತಾರೆ.

ಇಷ್ಟು ಹೇಳಿದ ಮೇಲೆ ತಮ್ಮಲ್ಲಿ ಒಂದೆರಡು ಕೋರಿಕೆ. ಪತ್ರಿಕೆಯ ಹವಾಮಾನ ಅಂಕಣದಲ್ಲಿ ಊರಿನ ಹೆಸರಿನ ಮುಂದೆ ಗರಿಷ್ಠ-ಕನಿಷ್ಠ ಉಷ್ಣತೆಯ ಜೊತೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂಬ ಅಂಕಿಯನ್ನೂ ಹಾಕಿ. ಆ ಅಂಕಿ ಬದಲಾಗುವುದಿಲ್ಲ, ಒಮ್ಮೆ ಅಚ್ಚಿಗೆ ಕೂರಿಸಿದರೆ ಮುಗಿಯಿತು; ಓದುಗರಿಗೆ ತಮ್ಮ ಊರಿನ ಎತ್ತರ ಬಾಯಿಪಾಠವಾಗುತ್ತದೆ. ನಗರದ ಆಸ್ಪತ್ರೆಗಳು ದಾಖಲಾತಿ ಅರ್ಜಿಯಲ್ಲಿ ವಿಳಾಸದ ಕೆಳಗೆ ‘ವಾಸಸ್ಥಳದ ಎತ್ತರ’ ಎಂಬ ಒಂದು ಸಾಲು ಸೇರಿಸಲಿ, ರೆಟಿನಾ ವಿಭಾಗದ ಬಿಡುಗಡೆ ಚೀಟಿಯಲ್ಲಿ ‘ವಿಮಾನ’ ಎಂದಿರುವಲ್ಲಿ ‘ಮತ್ತು ಘಾಟಿ ಪ್ರಯಾಣ’ ಎಂದು ಸೇರಿಸಲಿ. ರಸ್ತೆ ನಿರ್ವಹಿಸುವ ಇಲಾಖೆಯವರು ಇಳಿಜಾರು ಆರಂಭವಾಗುವ ಮೊದಲೇ ‘ಗೇರು ಇಳಿಸಿ, ಮುಂದೆ ಇಷ್ಟು ಕಿಲೋಮೀಟರ್ ಇಳಿಜಾರು’ ಎಂಬ ಫಲಕ ಹಾಕಲಿ. ಈಗ ಅದನ್ನು ಮೂರನೇ ತಿರುವಿನ ನಂತರ ನೆಟ್ಟಿರುತ್ತಾರೆ, ಅಷ್ಟರಲ್ಲಿ ಬ್ರೇಕು ಕಾದಿರುತ್ತದೆ.

ಇಂತಿ,
ಬೆಟ್ಟದೂರಿನ ಓದುಗರು